ಹೋಗ್ತೇನಿ ಎಂಬ ಮಾತು

ಸಿಂದಗಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಸಂತೆಯಿಂದ ಸಂತೆಗೆ ತಿರುಗಿ ಸೀರೆ ಮಾರಿ, ಕಡೆಗೆ ಒಂದು ಕಡೆ ಕೂತವಳು. ಗಿರಾಕಿ ಸೀರೆ ಮುಟ್ಟುವ ರೀತಿ ನೋಡಿಯೇ ಕೊಳ್ಳುತ್ತಾಳೋ ಇಲ್ಲವೋ ಹೇಳಬಲ್ಲೆ. ಅಂಗೈಯಿಂದ ಸವರಿದರೆ ಬರೀ ನೋಡಲು ಬಂದವಳು. ಎರಡು ಬೆರಳಲ್ಲಿ ಅಂಚು ಹಿಡಿದು ತಿಕ್ಕಿದರೆ ಕೊಳ್ಳುವವಳು. ಹೊಸದಾಗಿ ಅಂಗಡಿ ಹಾಕುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮ ಮನೆಯವರು ತೀರಿಕೊಂಡು ಮೂರು ವರ್ಷವಾದ ಕಾಲದ ಮಾತು ಇದು. ಅವರಿದ್ದಾಗ ಅಂಗಡಿಯಲ್ಲಿ ಕೆಲಸ ಹಂಚಿಕೆಯಾಗಿತ್ತು. ದರ ಹೇಳುವುದು ನಾನು, ಮಾತಾಡುವುದು ಅವರು. ಯಾರ ಮನೆಯಲ್ಲಿ ಎಮ್ಮೆ ಈದಿತು, ಯಾರ ಮಗಳನ್ನು ನೋಡಲು ಬಂದಿದ್ದರು, ಎಲ್ಲ ಅವರೇ ಕೇಳುತ್ತಿದ್ದರು. ಅವರು ಹೋದ ಮೇಲೆ ವ್ಯಾಪಾರವೇನೂ ಕಡಿಮೆಯಾಗಲಿಲ್ಲ. ಆದರೆ ಗಿರಾಕಿಗಳು ಬಂದು, ಕೊಂಡು, ಚೀಲ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಎಮ್ಮೆಯ ಸುದ್ದಿ ಯಾರೂ ಹೇಳುತ್ತಿರಲಿಲ್ಲ. ಕೇಳುವ ಹದ ನನಗೂ ಗೊತ್ತಿರಲಿಲ್ಲ. ಮಕ್ಕಳಿಲ್ಲ. ಮನೆಗೆ ಬಂದರೆ ಕುಕ್ಕರಿನ ಸೀಟಿ, ಟಿವಿ, ಅಷ್ಟೇ.

ಅಂಥದ್ದರಲ್ಲಿ ಒಂದು ದಿನ ಮೋರಟಗಿ ರಸ್ತೆಯ ಹಳ್ಳಿಯೊಂದರ ಶಾಲೆಯಿಂದ ಕನ್ನಡ ಸರ್ ಬಂದರು. ಆರು, ಏಳನೇ ಇಯತ್ತೆಯ ಮಕ್ಕಳಿಂದ ಸ್ಪರ್ಧೆಗೆಂದು ನಾಟಕ ಮಾಡಿಸುತ್ತಿದ್ದರು. ಪರದೆಗೆ ಬಟ್ಟೆ ಬೇಕು, ಹುಡುಗಿಯರಿಗೆ ಸೀರೆ ಬೇಕು, ಶಾಲೆಯಲ್ಲಿ ರೊಕ್ಕ ಇಲ್ಲ ಎಂದರು.

"ಹಂಗ ಕೊಡ್ತೇನಿ, ತಗೊಂಡ್ ಹೋಗ್ರಿ" ಎಂದೆ.

ಅವರ ಮುಖ ಚಿಕ್ಕದಾಯಿತು. ಪುಕ್ಕಟೆ ಅಂದರೆ ಯಾರಿಗೂ ಸಂಶಯ ಬರುತ್ತದೆ. ಅದಕ್ಕೇ ಏನು ಕೊಟ್ಟರೂ ಬದಲಿಗೆ ಏನಾದರೂ ಕೇಳಬೇಕು, ಆಗ ತೆಗೆದುಕೊಳ್ಳುವವರಿಗೆ ಸಮಾಧಾನ. "ಆದ್ರ ಒಂದು ಕರಾರು. ತಾಲೀಮಿಗೆ ನಾನೂ ಬರ್ತೇನಿ" ಎಂದೆ.

"ನಿಮಗ ನಾಟಕದ್ದು ಗೊತ್ತೈತೇನ್ರಿ?"

"ಇಲ್ರಿ. ಸೀರಿ ಉಡಿಸೋದು ಗೊತ್ತೈತಿ. ಕೂಗೋದು ಗೊತ್ತೈತಿ."

ಸರ್ ಒಪ್ಪಿದರು. ಶನಿವಾರ ಮುಂಜಾನೆಯ ಶಾಲೆ, ಮಧ್ಯಾಹ್ನ ತಾಲೀಮು. ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚುವುದನ್ನು ಆವತ್ತಿನಿಂದ ಶುರು ಮಾಡಿದೆ. ಬಾಜೂ ಅಂಗಡಿಯವರು ನನಗೆ ಏನೋ ಜಡ್ಡು ಬಂದಿದೆ ಅಂದುಕೊಂಡರು.

ಮೊದಲ ದಿನ ಮಕ್ಕಳ ದನಿ ಎರಡನೇ ಬೆಂಚಿಗೂ ಮುಟ್ಟುತ್ತಿರಲಿಲ್ಲ. ಸರ್ "ಜೋರಾಗಿ, ಜೋರಾಗಿ" ಅನ್ನುತ್ತಿದ್ದರು. ಮಕ್ಕಳು ಕಿರುಚುತ್ತಿದ್ದರು, ಗಂಟಲು ಕಟ್ಟುತ್ತಿತ್ತು. ನಾನು ಎದ್ದು ನಿಂತು ಸಂತೆಯಲ್ಲಿ ಕೂಗುವ ಹಾಗೆ ಒಮ್ಮೆ ಕೂಗಿ ತೋರಿಸಿದೆ. ಹೊರಗೆ ಹೋಗುತ್ತಿದ್ದ ಎತ್ತಿನ ಗಾಡಿ ನಿಂತಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರ ಹೊಟ್ಟೆಯ ಮೇಲೆ ಅವರದೇ ಕೈ ಇಡಿಸಿ, ಹೊಟ್ಟೆ ಒಳಗೆ ಹೋಗುವ ಹಾಗೆ ಕೂಗಿಸಿದೆ. ಸಂತೆಯಲ್ಲಿ ದಿನವಿಡೀ ಕೂಗುವವರಿಗೆ ಗಂಟಲು ಯಾಕೆ ನೋಯುವುದಿಲ್ಲ ಅಂದರೆ ಅವರು ಗಂಟಲಿಂದ ಕೂಗುವುದೇ ಇಲ್ಲ.

ಎರಡನೇ ಶನಿವಾರದ ಹೊತ್ತಿಗೆ ಮಕ್ಕಳು ನನ್ನನ್ನು "ಅಕ್ಕೋರ" ಎಂದು ಕರೆಯತೊಡಗಿದರು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತಾರೆ. "ನಾ ಅಕ್ಕೋರ ಅಲ್ರೋ, ಅಂಗಡಿಯಾಕಿ" ಎಂದೆ. "ಹೂಂ ಅಕ್ಕೋರ" ಎಂದರು. ನಾನು ಮತ್ತೆ ತಿದ್ದಲಿಲ್ಲ.

ಸ್ಪರ್ಧೆ ಸಿಂದಗಿಯಲ್ಲಿ, ತಾಲೂಕಿನ ಶಾಲೆಗಳದ್ದು. ಅಲ್ಲಿ ಗೆದ್ದರೆ ನಾಟಕ ಜಿಲ್ಲೆಗೆ ಹೋಗುತ್ತದೆ, ಅಂದರೆ ಇನ್ನೊಂದು ತಿಂಗಳು ತಾಲೀಮು. ಸೋತರೆ ಅಲ್ಲಿಗೇ ಮುಗಿಯಿತು. ಮಕ್ಕಳಿಗೆ ಬಹುಮಾನ ಬೇಕಿತ್ತು, ಸರ್‌ಗೆ ಹೆಸರು ಬೇಕಿತ್ತು. ನನಗೆ ಬೇಕಾಗಿದ್ದು ಆ ಒಂದು ತಿಂಗಳು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ನಮಗೆ ಏನು ಬೇಕು ಅನ್ನುವುದು ಎದುರಿನವರಿಗೆ ತಿಳಿದರೆ ದರ ಏರುತ್ತದೆ; ಹಳೆಯ ಅಭ್ಯಾಸ.

ನಾಟಕವನ್ನು ಸರ್ ತಾವೇ ಬರೆದಿದ್ದರು. ಇಬ್ಬರು ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುತ್ತಾರೆ. ಹೊಲ, ಎತ್ತು, ಬಿಂದಿಗೆ, ಒರಳು ಎಲ್ಲ ಪಾಲಾಗುತ್ತವೆ. ತಾಯಿ ಯಾರ ಪಾಲಿಗೂ ಬರುವುದಿಲ್ಲ. ಕಡೆಯ ದೃಶ್ಯದಲ್ಲಿ ತಾಯಿ ಹೊಸ್ತಿಲಲ್ಲಿ ನಿಂತು, ಹಿಂದಕ್ಕೆ ಹೊಳ್ಳಿ ನೋಡಿ, "ಹೋಗ್ತೇನಿ" ಎಂದು ಹೊರಟುಬಿಡಬೇಕು. ಪರದೆ.

ತಾಯಿಯ ಪಾತ್ರ ಮಾಡಿದವಳು ಏಳನೇ ಇಯತ್ತೆಯ ಸಣಕಲು ಹುಡುಗಿ. ಬೆನ್ನು ಬಗ್ಗಿಸಿ ನಡೆದರೆ ಥೇಟ್ ಮುದುಕಿಯೇ. ಇಡೀ ನಾಟಕ ಬಾಯಿಪಾಠ. ಆದರೆ ಕಡೆಯ ಮಾತು ಮಾತ್ರ ಪ್ರತಿ ಸಲ "ಬರ್ತೇನಿ" ಎಂದೇ ಬರುತ್ತಿತ್ತು.

"ಹೋಗ್ತೇನಿ ಅನ್ನು" ಎಂದರು ಸರ್.

"ಅನ್ನಬಾರದ್ರಿ ಸರ್. ಮನಿ ಬಿಡುಮುಂದ ಹೋಗ್ತೇನಿ ಅಂದ್ರ ನಮ್ಮ ಆಯಿ ಬಾಯಿಮ್ಯಾಲ ಹೊಡೀತಾಳ." ಆಯಿ ಅಂದರೆ ಅವಳ ಅಜ್ಜಿ.

"ನೀ ಇಲ್ಲಿ ನೀ ಅಲ್ಲ. ಮುದುಕಿ ಅದಿ."

"ಮುದುಕೀನೂ ಅನ್ನಬಾರದ್ರಿ."

ಅವಳು ಹೇಳಿದ್ದು ಸುಳ್ಳಲ್ಲ. ನಮ್ಮಲ್ಲಿ ಯಾವ ಮನೆಯಿಂದ ಯಾರು ಹೊರಟರೂ "ಬರ್ತೇನಿ" ಅಂತಲೇ ಹೊರಡುವುದು. ಒಳಗಿನವರು "ಹೂಂ, ಬಾ" ಅನ್ನಬೇಕು. ಸತ್ತವರಿಗಷ್ಟೇ ಹೋದರು ಅನ್ನುತ್ತೇವೆ. ನಾನು ಸರ್‌ಗೆ ನಡುವಿನ ದಾರಿ ಸೂಚಿಸಿದೆ: ಮಾತನ್ನೇ ಬದಲಿಸಿದರಾಯಿತಲ್ಲ. ಅವರು ಒಪ್ಪಲಿಲ್ಲ. "ಇಡೀ ನಾಟಕ ಆ ಒಂದು ಶಬ್ದದ ಮ್ಯಾಲ ನಿಂತೈತ್ರಿ. ಇಕಿ ಹೊಳ್ಳಿ ಬರಂಗಿಲ್ಲ ಅಂತ ಮಂದಿಗೆ ತಿಳೀಬೇಕು."

ನನಗೆ ಬಿಡಿ ಎಂದು ಹುಡುಗಿಯನ್ನು ಹೊರಗೆ ಬೇವಿನ ಗಿಡದ ಬುಡಕ್ಕೆ ಕರೆದುಕೊಂಡು ಹೋದೆ. ಏನೇನೋ ಹೇಳಿ ಒಪ್ಪಿಸಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ಅವಳೇ ಕೇಳಿದಳು.

"ನೀವು ಮನಿ ಬಿಡುಮುಂದ ಏನಂತೀರಿ ಅಕ್ಕೋರ?"

"ಏನೂ ಅನ್ನಂಗಿಲ್ಲ. ಕೀಲಿ ಹಾಕ್ತೇನಿ."

"ಬಾ ಅನ್ನೋರು ಯಾರೂ ಇಲ್ಲೇನ್ರಿ?"

"ಇಲ್ಲ."

ಅವಳು ನನ್ನ ಮುಖ ನೋಡಿದಳು. ನೆಲದ ಮೇಲಿದ್ದ ಒಂದು ಬೇವಿನ ಎಸಳು ಎತ್ತಿಕೊಂಡು ಎಲೆ ಒಂದೊಂದಾಗಿ ಕಿತ್ತಳು. ಆಮೇಲೆ, ನನಗೂ ಸರಿಯಾಗಿ ಕೇಳದಷ್ಟು ಸಣ್ಣಗೆ, "ಹೋಗ್ತೇನಿ" ಎಂದಳು. ಒಳಗೆ ಹೋಗಿ ಹೊಸ್ತಿಲ ಗೆರೆಯ ಹತ್ತಿರ ನಿಂತು ಮತ್ತೊಮ್ಮೆ ಅಂದಳು. ಅಣ್ಣತಮ್ಮಂದಿರಾಗಿದ್ದ ಹುಡುಗರು ಗಲಾಟೆ ನಿಲ್ಲಿಸಿದರು. ಸರ್ ನನ್ನ ಕಡೆ ನೋಡಿ, "ಏನ್ ಹೇಳಿದ್ರಿ ಅಕಿಗೆ?" ಎಂದರು. ವ್ಯಾಪಾರದ ಗುಟ್ಟು ಎಂದೆ. ನನ್ನ ಮನೆಯ ವಿಷಯ ನಾನು ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಸ್ಪರ್ಧೆಗೆ ನಾಲ್ಕು ದಿನವಿದೆ ಅನ್ನುವಾಗ ಆಯಿ ಅಡ್ಡ ಬಂದಳು. ಹುಡುಗಿಯನ್ನು ಸಿಂದಗಿಗೆ ಕಳಿಸುವುದಿಲ್ಲ ಎಂದಳಂತೆ. ಸರ್ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದರು. ನಾನು ಹೋದೆ. ಆಯಿ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು.

"ಮುದುಕಿ ಬೇಕಂದ್ರ ನಾ ಇಲ್ಲೇ ಇದ್ದೇನಲ್ಲ. ಅದನ್ನ ನೋಡಾಕ ಸಿಂದಗಿ ತನಕ ಯಾಕ ಹೋಗಬೇಕು?" ಎಂದಳು.

"ಹಂಗಾದ್ರ ನೀವೂ ಬರ್ರಿ ಆಯಿ."

"ನನ್ನ ಯಾರು ಒಳಗ ಬಿಡ್ತಾರ?"

"ನಾ ಬಿಡಸ್ತೇನಿ. ಮುಂದಿನ ಸಾಲಿನ್ಯಾಗ ಕುರ್ಚಿ. ಕರಕೊಂಡ್ ಹೋಗಾಕಿ ನಾನು, ಹೊಳ್ಳಿ ಈ ಕಟ್ಟೀಗೆ ತಂದು ಕುಂದ್ರಸಾಕಿ ನಾನು."

ಕುಟ್ಟುವುದು ನಿಂತಿತು. "ಕುರ್ಚಿಗೆ ಬೆನ್ನು ಐತೇನು?"

"ಐತಿ."

"ಇಲ್ಲಂದ್ರ ನಾ ಬರಂಗಿಲ್ಲ ಮತ್ತ."

ಇಷ್ಟು ಸಲೀಸಾಗಿ ಕುದುರಿದ ವ್ಯಾಪಾರ ನನ್ನ ಜೀವನದಲ್ಲಿ ಕಡಿಮೆ. ದಾರಿಯುದ್ದಕ್ಕೂ ನನಗೆ ನಾನೇ ಶಾಬಾಸ್ ಹೇಳಿಕೊಂಡೆ.

ಸ್ಪರ್ಧೆಯ ದಿನ ನಾನು ಎಲ್ಲ ನೋಡಿಕೊಂಡಿದ್ದೆ. ಸೀರೆಗೆ ಪಿನ್ನು, ಮೈಕು ಕೈಕೊಟ್ಟರೆ ಹೊಟ್ಟೆಯಿಂದ ಕೂಗುವ ತಯಾರಿ, ನೀರಿನ ಕ್ಯಾನು, ಬೆನ್ನಿರುವ ಕುರ್ಚಿ. ನಮಗಿಂತ ಮುಂಚೆ ಮಾಡಿದ ಎರಡು ಶಾಲೆಗಳ ಮಾತು ಹಿಂದಿನವರಿಗೆ ಕೇಳಿಸಲೇ ಇಲ್ಲ. ನಮ್ಮ ಮಕ್ಕಳು ಬಾಯಿ ತೆರೆದರೆ ಗೇಟಿನಲ್ಲಿ ನಿಂತವರೂ ಒಳಗೆ ಬಂದರು. ಒರಳನ್ನು ಪಾಲು ಮಾಡುವ ಜಾಗದಲ್ಲಿ ಜನ ನಕ್ಕರು. ತಾಯಿಯ ಚಾಪೆ ಯಾರಿಗೂ ಬೇಡ ಅನ್ನುವ ಜಾಗದಲ್ಲಿ ಸುಮ್ಮನಾದರು. ತೀರ್ಪು ಕೊಡಲು ಕೂತಿದ್ದ ಮೂವರಲ್ಲಿ ಒಬ್ಬರು ಬರೆಯುವುದು ಬಿಟ್ಟು ಪೆನ್ನು ಕೆಳಗಿಟ್ಟರು. ಆ ಪೆನ್ನು ನೋಡಿ, ಇನ್ನೊಂದು ತಿಂಗಳು ಸಿಕ್ಕಿತು ಅಂದುಕೊಂಡೆ.

ಹುಡುಗಿ ಹೊಸ್ತಿಲಿಗೆ ಬಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಹೊಳ್ಳಿ ನೋಡಿದಳು.

"ಹೋಗ್ತೇನಿ."

ಸರ್ ಪರದೆಯ ಹಗ್ಗಕ್ಕೆ ಕೈ ಹಾಕಿದರು. ಆಗ ಮುಂದಿನ ಸಾಲಿನಲ್ಲಿ ಆಯಿ ಕುರ್ಚಿಯಿಂದ ಎದ್ದು ನಿಂತಳು.

"ಏ ಹುಚ್ಚಿ, ಹಂಗ ಅನಬಾರದು. ಬರ್ತೇನಿ ಅನ್ನು."

ಹುಡುಗಿಯ ಬೆನ್ನು ನೆಟ್ಟಗಾಯಿತು. ಮುದುಕಿ ಹೋಗಿ ಏಳನೇ ಇಯತ್ತೆಯ ಹುಡುಗಿ ಬಂದಳು. "ಬರ್ತೇನಿ ಆಯಿ" ಎಂದಳು.

"ಹೂಂ, ಬಾ" ಎಂದು ಆಯಿ ಕೂತಳು.

ಸಭೆ ನಗುವುದಕ್ಕೆ ಶುರು ಮಾಡಿತು. ಹಿಂದೆ ಕೂತಿದ್ದ ಹೆಂಗಸರು ಕೆಲವರು "ಖರೇನ ಐತಿ, ಅನಬಾರದು" ಎಂದು ತಲೆ ಆಡಿಸಿದರು. ತೀರ್ಪುಗಾರರೂ ನಕ್ಕರು. ಪೆನ್ನು ಮತ್ತೆ ಕೈಗೆ ಬಂತು. ಪರದೆ ಬಿದ್ದದ್ದು ಆ ನಗುವಿನ ನಡುವೆ. ಮಧ್ಯಾಹ್ನ ಊಟದ ಮೇಲೆ ಹೆಸರು ಓದಿದರು. ನಮ್ಮ ಶಾಲೆಯ ಹೆಸರು ಇರಲಿಲ್ಲ.

ಮಕ್ಕಳ ನಾಟಕ ಮಾಡಿಸುವವರಿಗೆ ನಾನು ಹೇಳುವುದು ಇಷ್ಟು: ಮನೆಯ ಹಿರಿಯರನ್ನು ಮೊದಲು ಒಂದು ತಾಲೀಮಿಗೆ ಕರೆಸಿ. ಅವರ ಮಾತೆಲ್ಲ ಅಲ್ಲೇ ಆಗಿಹೋಗಲಿ. ನಾನು ಆಯಿಗೆ ಕುರ್ಚಿ ತೋರಿಸಿದ್ದೆ, ನಾಟಕ ತೋರಿಸಿರಲಿಲ್ಲ.

ಮಾತು ಕೊಟ್ಟಿದ್ದೆನಲ್ಲ, ಆಯಿಯನ್ನು ಬಿಟ್ಟುಬರಲು ಟೆಂಪೊದಲ್ಲಿ ನಾನೂ ಹೋದೆ. ಮಕ್ಕಳು ಹತ್ತು ನಿಮಿಷ ಮುಖ ಸಪ್ಪಗೆ ಮಾಡಿಕೊಂಡಿದ್ದರು, ಆಮೇಲೆ ಹಾಡು ಶುರುವಾಯಿತು. ಆಯಿ ನನ್ನ ಮೊಣಕೈ ತಿವಿದಳು.

"ಬಹುಮಾನ ಯಾಕ ಕೊಡಲಿಲ್ಲ? ನಮ್ಮ ಹುಡುಗಿ ಕಡೀಕ ತಿದ್ದಿಕೊಂಡು ಬರೋಬ್ಬರಿ ಹೇಳಿದ್ಲಲ್ಲ."

ಸರ್ ಕಿಟಕಿಯ ಕಡೆ ಮುಖ ತಿರುಗಿಸಿದರು. ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ಬ್ಯಾರೆ ಶಾಲಿಯವರು ಛಲೋ ಮಾಡಿದ್ರು ಆಯಿ" ಎಂದೆ.

"ಏನ್ ಛಲೋ. ಒಂದೂ ಕೇಳಸಲಿಲ್ಲ."

ಇಳಿಯುವಾಗ ಸರ್‌ಗೆ ಮೆಲ್ಲಗೆ ಕೇಳಿದೆ, ಮುಂದಿನ ವರ್ಷ ಏನು ಎಂದು. "ನೋಡೋಣ್ರಿ" ಎಂದರು. ಒಳ್ಳೆಯ ಮನುಷ್ಯ, ಸಿಟ್ಟೇನೂ ಇರಲಿಲ್ಲ. ಆದರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ತೆಗೆಸಿ ಎದ್ದು ಹೋಗುವವರೂ ನೋಡೋಣ್ರಿ ಅಂತಲೇ ಹೋಗುವುದು. ಅವರು ಯಾರೂ ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. ಹಾಗಾಗಿ ಮತ್ತೆ ಎಳೆಯಲಿಲ್ಲ.

ಮುಂದಿನ ಶನಿವಾರ ಕೈ ತಾನಾಗಿ ಅಂಗಡಿಯ ಶಟರು ಎಳೆಯಿತು. ಎಳೆದ ಮೇಲೆ ಎಲ್ಲಿಗೆ ಹೋಗಬೇಕು ತಿಳಿಯದೆ ಮತ್ತೆ ಎತ್ತಿದೆ. ಅದರ ಮುಂದಿನ ಶನಿವಾರವೂ ಹಾಗೇ. ಆಯಿಯ ಊರಿಗೆ ಬಸ್ಸು ಇತ್ತು, ಅರ್ಧ ತಾಸಿನ ದಾರಿ. ಸುಮ್ಮನೆ ಹೋಗಿ ಕಟ್ಟೆಯ ಮೇಲೆ ಕೂತು ಬರಬಹುದಿತ್ತು. ಮಂದಿ ಹಾಗೆ ಹೋಗುತ್ತಾರೆ, ಕೂತುಕೊಳ್ಳುತ್ತಾರೆ, ಚಹಾ ಕುಡಿಯುತ್ತಾರೆ. ಆದರೆ ಕೊಡುವುದು ಕೊಳ್ಳುವುದು ಇಲ್ಲದ ಮನೆಗೆ ಹೋಗಿ ಹೇಗೆ ಕೂಡಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ. ಮೂರನೇ ಶನಿವಾರ ಹತ್ತು ಕಾಟನ್ ಸೀರೆ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆ. ಗಂಟು ಇದ್ದರೆ ಯಾರೂ ಏನೂ ಕೇಳುವುದಿಲ್ಲ ಅಂದುಕೊಂಡಿದ್ದೆ.

ಆಯಿ ಒಳಗೆ ಮಲಗಿದ್ದಳು. ಹುಡುಗಿ ನೀರು ತಂದುಕೊಟ್ಟಳು. ನನ್ನನ್ನು ನೋಡಿ ಖುಷಿಯೇ ಆಯಿತು ಅವಳಿಗೆ, ಅದರಲ್ಲಿ ಸಂಶಯವಿಲ್ಲ. ತಂಬಿಗೆ ತೆಗೆದುಕೊಳ್ಳುತ್ತ ಕೇಳಿದಳು.

"ಈಗ ತಾಲೀಮು ಇಲ್ಲಲ್ರಿ ಅಕ್ಕೋರ. ಮತ್ತ ಯಾಕ ಬಂದ್ರಿ?"

ಚೇಷ್ಟೆಗೆ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಬೇವಿನ ಗಿಡದ ಬುಡದಲ್ಲಿ ಕೇಳಿದ ಹಾಗೆಯೇ. ಆವತ್ತಿನಂತೆ ಖರೆ ಹೇಳಿದ್ದರೆ ಏನಾಗುತ್ತಿತ್ತೋ. ಬಾಯಿಗೆ ಬಂದದ್ದು ಬೇರೆ.

"ಸೀರಿ ಮಾರಾಕ."

"ಹೌದೇನ್ರಿ" ಎಂದಳು. ಅವಳಿಗೆ ಸರಿಯೆನಿಸಿತು. "ಹಂಗಾದ್ರ ನಮ್ಮವ್ವನ ಕರೀತೇನಿ. ಓಣ್ಯಾಗಿನವರಿಗೂ ಹೇಳಿ ಬರ್ತೇನಿ, ಕುಂದ್ರಿ."

ಓಡಿಹೋದಳು. ನಾನು ಕಟ್ಟೆಯ ಧೂಳು ಜಾಡಿಸಿ, ಗಂಟು ಬಿಚ್ಚಿ, ತಿಳಿ ಬಣ್ಣದವನ್ನು ಮೇಲೆ ಇಟ್ಟು ಹರವತೊಡಗಿದೆ.