ಸೈದಾನಿ ಬಿ ಹೇಳಿ ಮಾಡಿಸಿದ ಗೈಡು

ಅಜ್ಜಂಪುರದಲ್ಲಿ ಬಾಗಿಲು, ಕಿಟಕಿ, ಮಂಚ ಏನು ಬೇಕಿದ್ದರೂ ಜನ ಮುನೀರ್ ಪಾಷಾನನ್ನು ಹುಡುಕಿಕೊಂಡು ಬರುತ್ತಿದ್ದರು. ಅವನ ಕೆಲಸದ ಶೆಡ್ಡಿನಲ್ಲಿ ಹೆಂಡತಿ ಸೈದಾನಿ ಬಿ ತಲೆಗೆ ಸೆರಗು ಬಿಗಿದು ಗರಗಸದ ಮಿಷನ್ನಿನ ಹಿಂದೆ ನಿಂತಿರುವುದನ್ನು ಮೊದಲ ಸಲ ಕಂಡವರು ಒಂದು ಗಳಿಗೆ ಬೆರಗಾಗಿ ನೋಡುತ್ತಿದ್ದರು. ಬರಬರುತ್ತಾ ಊರಿಗೆ ಅದು ರೂಢಿಯಾಯಿತು.

ಅವಳು ಶಿವನಿಯವಳು. ತಂದೆ ಅಲ್ಲಿ ಪಾಲಿಗೆ ಹೊಲ ಮಾಡುತ್ತಿದ್ದರು. ಮದುವೆಯಾಗಿ ಬಂದಾಗ ಹೊನ್ನೆ ಮರ ಯಾವುದು, ಮತ್ತಿ ಮರ ಯಾವುದು ಎಂಬುದೂ ಅವಳಿಗೆ ತಿಳಿದಿರಲಿಲ್ಲ. ಸಾವಿರದೊಂಬೈನೂರ ಎಪ್ಪತ್ತೇಳರಲ್ಲಿ ಮುನೀರ್ ತರೀಕೆರೆಯಿಂದ ಒಂದು ಹಳೆಯ ಮಿಷನ್ ತಂದ. ಕಬ್ಬಿಣದ ಮೇಜು, ಅದರ ನಡುವಿನ ಸೀಳಿನಿಂದ ಮೇಲೆದ್ದ ದುಂಡನೆಯ ಬ್ಲೇಡು, ಕೆಳಗೆ ಮೋಟರು. ಅದರ ಕಿರುಚಾಟಕ್ಕೆ ಹೆದರಿ, ಇದ್ದೊಬ್ಬ ಆಳೂ ಬಿಟ್ಟುಹೋದ. ಮುಂದಿನಿಂದ ಒಬ್ಬರು ಹಲಗೆ ತಳ್ಳಿದರೆ ಹಿಂದಿನಿಂದ ಎಳೆದುಕೊಳ್ಳಲು ಇನ್ನೊಬ್ಬರು ಬೇಕೇ ಬೇಕು. ಹೆಣ್ಣುಮಕ್ಕಳಿಬ್ಬರೂ ಶಾಲೆಗೆ ಹೋದ ಮೇಲೆ ಸೈದಾನಿಗೆ ಮನೆಯಲ್ಲಿ ಒಂಟಿತನ. "ನಾನೇ ಹಿಡೀತೀನಿ ಬಿಡಿ" ಎಂದಳು. ಮನೆಯೊಳಗೆ ಅವರ ಮಾತು ದಖನಿ. ಶೆಡ್ಡಿಗೆ ಬಂದರೆ ಗಿರಾಕಿಗಳ ಜೊತೆ, ಅಳತೆಗಳ ಜೊತೆ ಅದು ತಾನಾಗಿಯೇ ಕನ್ನಡಕ್ಕೆ ಹೊರಳುತ್ತಿತ್ತು.

ಹಲಗೆ ಓರೆಯಾಗದೆ ಸೀಳಬೇಕಾದರೆ ಬ್ಲೇಡಿನ ಪಕ್ಕದಲ್ಲಿ ಉದ್ದಕ್ಕೆ ಒಂದು ಆಸರೆ ಬೇಕು. ಹಲಗೆ ಅದಕ್ಕೆ ಒರಗಿಕೊಂಡು ಸಾಗುತ್ತದೆ. ಅದನ್ನು ಗೈಡು ಎನ್ನುತ್ತಾರೆ. ಮುನೀರನ ಮಿಷನ್ನಿಗೆ ಗೈಡು ಇರಲಿಲ್ಲ. ನೆಟ್ಟಗಿನ ತೇಗದ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟು ಎರಡೂ ತುದಿಗೆ ಕ್ಲ್ಯಾಂಪು ಬಿಗಿಯುತ್ತಿದ್ದ. ಮುಂದೆ ಅಳೆದು, ಹಿಂದೆ ಹೋಗಿ ಅಳೆದು, ಮತ್ತೆ ಮುಂದೆ ಬಂದರೆ ಅದು ಜರುಗಿರುತ್ತಿತ್ತು. ಮುನೀರ್ ಬೈದುಕೊಳ್ಳುತ್ತಲೇ ಮತ್ತೆ ಅಳೆಯುತ್ತಿದ್ದ.

ಎಂಬತ್ತೊಂದರ ಬೇಸಿಗೆ. ಅಂತರಘಟ್ಟೆಯ ತೀರ್ಥಪ್ಪನವರ ಹೊಸ ಮನೆಗೆ ಹಲಸಿನ ಬಾಗಿಲು ಒಪ್ಪಿಕೊಂಡಿದ್ದರು. ದಪ್ಪ ಹಲಗೆ ಅರ್ಧ ದಾಟಿತ್ತು. ಹಿಂದಿನ ಕ್ಲ್ಯಾಂಪು ಅದುರಿ ಅದುರಿ ಸಡಿಲವಾಗಿ, ಪಟ್ಟಿಯ ತುದಿ ಬ್ಲೇಡಿನ ಕಡೆಗೆ ವಾಲಿತು. ನಡುವೆ ಸಿಕ್ಕಿಕೊಂಡ ಹಲಗೆಯನ್ನು ಬ್ಲೇಡು ಎತ್ತಿ ಮುನೀರನ ಮೇಲೆಯೇ ಎಸೆಯಿತು. ಹಿಂದಿನ ತುದಿ ಹಿಡಿದಿದ್ದ ಸೈದಾನಿಯ ಕೈಗಳೂ ಅದರ ಜೊತೆ ಸರ್ರನೆ ಬ್ಲೇಡಿನ ಕಡೆಗೆ ಹೋದವು. ಹೇಗೆ ಬಿಟ್ಟಳೋ ಅವಳಿಗೇ ಗೊತ್ತಿಲ್ಲ. ಎಡಗೈಯ ಗಾಜಿನ ಬಳೆಗಳು ಒಡೆದು ಮರದ ಹೊಟ್ಟಿನಲ್ಲಿ ಬಿದ್ದವು. ಓಡಿಹೋಗಿ ಸ್ವಿಚ್ಚು ಆರಿಸಿದಳು. ಮುನೀರ್ ಪಕ್ಕೆ ಹಿಡಿದುಕೊಂಡು ನೆಲದಲ್ಲಿ ಕೂತಿದ್ದ.

ಪಕ್ಕೆಲುಬು ಬಿರುಕು ಬಿಟ್ಟಿತ್ತು. ತರೀಕೆರೆಯ ಡಾಕ್ಟರು ಪಟ್ಟಿ ಕಟ್ಟಿ, ಅಲುಗಾಡದೆ ಮಲಗಿರಬೇಕೆಂದರು. ಮಳೆಗಾಲ ಹಿಡಿಯುವ ಹೊತ್ತಿಗೆ ಮುನೀರ್ ಎದ್ದು ಓಡಾಡುವಂತಾದ. ಶೆಡ್ಡಿಗೂ ಬಂದ. ಆದರೆ ಮಿಷನ್ನಿನ ಮೇಲೆ ಹೊದಿಸಿದ್ದ ಗೋಣಿತಾಟನ್ನು ಮಾತ್ರ ತೆಗೆಯಲಿಲ್ಲ. ಕೈಗರಗಸ ಹಿಡಿದು, ಏದುಸಿರು ಬಿಡುತ್ತಾ, ಚಿಕ್ಕಪುಟ್ಟ ಕೆಲಸ ಮಾಡಿಕೊಂಡಿದ್ದ.

ಒಂದು ದಿನ ತೀರ್ಥಪ್ಪನವರು ಬಂದರು.

"ಏನ್ ಪಾಷಾ ಸಾಬ್ರೆ, ನಮ್ ಬಾಗ್ಲು ಎಲ್ಲಿಗ್ ಬಂತು?"

"ಕರೆಂಟೇ ಇಲ್ವಲ್ಲ ಯಜಮಾನ್ರೆ, ಏನ್ ಮಾಡ್ಲಿ."

ಅವನ ನೆತ್ತಿಯ ಮೇಲೆ ಬಲ್ಬು ಉರಿಯುತ್ತಿತ್ತು. ತೀರ್ಥಪ್ಪನವರು ಬಲ್ಬನ್ನು ನೋಡಿದರು, ಸೈದಾನಿಯ ಮುಖ ನೋಡಿದರು. "ನಿಧಾನಕ್ಕೇ ಮಾಡಿ, ಮನೆ ಎಲ್ಲೂ ಓಡೋಗಲ್ಲ" ಎಂದು ಹೆಗಲ ಮೇಲಿನ ಟವೆಲು ಕೊಡವಿಕೊಂಡು ಹೊರಟರು.

ಅವರು ಮರೆಯಾದ ಮೇಲೆ ಸೈದಾನಿ ಕೇಳಿದಳು. "ರೀ, ಭಯ ಆಗ್ತದಾ?"

"ನಂಗೇನ್ ಭಯ? ಪಕ್ಕೆ ಕೂಡ್ಕಂತಲ್ಲ."

"ಮತ್ತೆ?"

ಅವನು ಕೈಗರಗಸದ ಹಲ್ಲುಗಳ ಮೇಲೆ ಬೆರಳಾಡಿಸಿದ. "ಕಣ್ ಮುಚ್ಚಿದ್ರೆ ನಿನ್ ಕೈ ಕಾಣ್ತದೆ ಕಣೇ. ಬ್ಲೇಡಿಗೆ ಇನ್ನೇನು ತಾಕ್ಬೇಕು, ಅಷ್ಟ್ ಹತ್ರ ಹೋಗಿತ್ತು."

ಆ ಪೆಟ್ಟಿನ ನಡುವೆಯೂ ಅವನು ಅದನ್ನು ಕಂಡಿದ್ದನೆಂದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಗಂಡ ಅವನದೇ ಜೀವಕ್ಕೆ ಹೆದರಿದ್ದಾನೆ ಎಂದುಕೊಂಡಿದ್ದಳು. ಪೊರಕೆ ತೆಗೆದುಕೊಂಡು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ಆಮೇಲೆ ಗೋಣಿತಾಟು ಸರಿಸಿದಳು.

"ತಪ್ಪು ಮಿಷನ್ದಲ್ಲ, ಈ ಪಟ್ಟೀದು. ಎರಡು ಕಡೆ ಕಟ್ಟೋದ್ರಿಂದ್ಲೇ ಈ ಗೋಳು. ಮುಂದ್ಗಡೆ ಒಂದೇ ಕಡೆ ಹಿಡಿದ್ರೆ, ಹಿಂದ್ಗಡೆ ಅಲ್ಲಾಡ್ದಂಗೆ ಮಾಡೋಕಾಗಲ್ವಾ?"

ಮುನೀರನಿಗೆ ಮಾತು ಹಿಡಿಸಿತು. ಪಟ್ಟಿಯ ಮುಂದಿನ ತುದಿಗೆ ಅಡ್ಡಲಾಗಿ ಒಂದು ತುಂಡು ಹೊಡೆದು ಮೇಜಿನ ಅಂಚಿಗೆ ಕೂರಿಸಿ ನೋಡಿದ. ಪಟ್ಟಿಯ ಬಾಲ, ಅಂದರೆ ಹಿಂದಿನ ತುದಿ, ಇನ್ನೂ ಅಲ್ಲಾಡುತ್ತಿತ್ತು. ಸೈದಾನಿ ಅದನ್ನು ಆ ಕಡೆ ಈ ಕಡೆ ತಳ್ಳಿ ನೋಡಿ, "ನಮ್ಮಪ್ಪನ ಕುಂಟೆ ನೋಡಿದೀರಲ್ಲ? ಹೊಲ ಹರಗೋವಾಗ ಅದ್ರ ಅಡ್ಡ ದಿಂಡು ಅಗಲ ಇದ್ರೆ ತಾನೇ ನೆಟ್ಟಗೆ ಹೋಗೋದು? ನೀವು ಇದ್ರ ತಲೇನ, ಈ ಅಡ್ಡ ತುಂಡನ್ನ, ಗೇಣುದ್ದ ಮಾಡಿದೀರಿ. ಮೊಳದುದ್ದ ಮಾಡಿ" ಎಂದಳು.

ಉದ್ದನೆಯ ತುಂಡು ಹೊಡೆದಾಗ ಬಾಲದ ಅಲ್ಲಾಟ ನಿಂತಿತು. ಮುನೀರ್ ಹೆಂಡತಿಯ ಮುಖವನ್ನು ಹೊಸದಾಗಿ ಕಂಡವನಂತೆ ನೋಡಿದ. "ಮರದಲ್ಲಿ ಬಾಳಿಕೆ ಬರಲ್ಲ. ಕಬ್ಬಿಣದಲ್ಲೇ ಮಾಡ್ಸಾಣ" ಎಂದ.

ಕಡೂರಿನಲ್ಲಿ ಗೇಟು, ಗ್ರಿಲ್ಲು ಮಾಡುವ ಷಣ್ಮುಖಪ್ಪ ಅವನ ಹಳೆಯ ಗೆಳೆಯ. ಬೆಳಗಿನ ರೈಲುಗಾಡಿಗೆ ಇಬ್ಬರೂ ಹೋದರು.

"ಏನಕ್ಕಾ, ನೀವೂ ಬಂದ್ಬಿಟ್ರಿ?" ಎಂದ ಷಣ್ಮುಖಪ್ಪ.

"ಐಡಿಯಾ ಅವಳ್ದೇ ಕಣಪ್ಪಾ" ಎಂದ ಮುನೀರ್.

ಮೇಜಿನ ಮುಂದಿನ ಅಂಚಿಗೆ ಬಿಗಿಯಲು ಒಂದು ಉದ್ದನೆಯ ಕಬ್ಬಿಣದ ಪಟ್ಟಿ, ಅದರ ಮೇಲೆ ಜಾರುವ ಅಗಲವಾದ ತಲೆ, ತಲೆಗೆ ಲಂಬವಾಗಿ ಬೆಸೆದ, ಹಲಗೆ ಒರಗುವ ತೋಳು, ಬಿಗಿಯಲು ಹಿಡಿಯಿರುವ ಒಂದು ಬೋಲ್ಟು. ಷಣ್ಮುಖಪ್ಪ ಬೆಸೆದು ಮುಗಿಸಿದ ಮೇಲೆ ಮುನೀರ್ ತಲೆ, ತೋಳು ಕೂಡುವ ಕಡೆ ಮೂಲೆಮಟ್ಟ ಇಟ್ಟು ನೇರವಾಗಿದೆಯೇ ಎಂದು ನೋಡಿದ. ಸಂದಿನಲ್ಲಿ ಬೆಳಕು ಕಾಣುತ್ತಿತ್ತು.

"ಒಂದು ಕೂದಲೆಳೆ. ಬಿಡಿ ಸಾಬ್ರೆ."

ಮುನೀರ್ ಸಂಕೋಚದಿಂದ ಮೂಲೆಮಟ್ಟ ಕೆಳಗಿಟ್ಟ. ಸೈದಾನಿ ಬಿಡಲಿಲ್ಲ. "ಷಣ್ಮುಖಣ್ಣ, ಇಲ್ಲಿ ಕೂದಲೆಳೆ ಇದ್ರೆ ಆ ತುದೀಲಿ ಬೆರಳಗಲ ಆಗ್ತದೆ. ಮಿಷನ್ ಹತ್ರ ನಿಂತ್ಕಳೋರು ನಾವಲ್ವಾ?"

ಷಣ್ಮುಖಪ್ಪ ನಕ್ಕುಬಿಟ್ಟ. ಬೆಸುಗೆ ಕತ್ತರಿಸಿ, ಈ ಸಲ ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ, ನಡುನಡುವೆ ಆರಲು ಬಿಟ್ಟು ತಾಳ್ಮೆಯಿಂದ ಬೆಸೆದ. ಸಂದಿನ ಬೆಳಕು ಮಾಯವಾಯಿತು.

ಸಂಜೆ ಪ್ಯಾಸೆಂಜರ್ ಗಾಡಿಯಲ್ಲಿ ಆ ಕಬ್ಬಿಣವನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ಬಂದರು. ಬೀರೂರಿನಲ್ಲಿ ಹತ್ತಿದ ಮುದುಕಿಯೊಬ್ಬಳು, "ಇದೇನವ್ವಾ, ಕಬ್ಬುಣದ ನೇಗ್ಲಾ?" ಎಂದಳು. "ಹ್ಞೂಂ ಕಣಜ್ಜಿ, ಮರ ಉಳೋದು" ಎಂದಳು ಸೈದಾನಿ. ಮುನೀರ್ ಪಕ್ಕೆ ಒತ್ತಿ ಹಿಡಿದುಕೊಂಡು ನಕ್ಕ. ಅವನು ಹಾಗೆ ನಕ್ಕು ಎಷ್ಟೋ ದಿನವಾಗಿತ್ತು.

ಗೈಡು ಕೂರಿಸಿದ ಮೇಲೆ ಮುನೀರ್ ಇನ್ನೊಂದು ಕೆಲಸ ಮಾಡಿದ. ಮಿಷನ್ನಿನ ಹಿಂದೆ, ಅದರಷ್ಟೇ ಎತ್ತರಕ್ಕೆ, ಮರದ ಮೇಜೊಂದನ್ನು ನಿಲ್ಲಿಸಿದ. ಸೀಳಿದ ಹಲಗೆ ಇನ್ನು ಅದರ ಮೇಲೆಯೇ ಸಾಗುತ್ತದೆ. ಸೈದಾನಿ ಬಂದು ನೋಡಿದಳು. ಇಷ್ಟು ವರ್ಷ ತಾನು ನಿಲ್ಲುತ್ತಿದ್ದ ಜಾಗ ಅದು. ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತಳು. ಮಾರನೆಯ ದಿನವೂ ಶೆಡ್ಡಿನ ಕಡೆ ಸುಳಿಯಲಿಲ್ಲ.

ಮುನೀರ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. "ಬಾ."

"ನಂಗೇನ್ ಕೆಲ್ಸ ಅಲ್ಲಿ? ಮೇಜು ಹಿಡ್ಕಂತದಲ್ಲ."

"ಮೇಜು ಹಲಗೆ ಹಿಡ್ಕಂತದೆ. ಗೈಡು ಕೂರ್ಸೋರು ಯಾರು? ನೀನು ಬಿಗಿದ್ರೆ ನಂಗೆ ಧೈರ್ಯ ಕಣೇ. ಬಾ, ಒಂದ್ಸಲ ನೋಡು."

ಹೋಗಿ ನೋಡಿದಳು. ಮುಂದಿನ ಪಟ್ಟಿಯ ಉದ್ದಕ್ಕೂ ಇಂಚಿನ ಗೆರೆಗಳನ್ನು ಕೊರೆದು ಬಿಳಿ ಬಣ್ಣ ತುಂಬಿದ್ದ. ಅವಳು ಓದಲು ಕಲಿತದ್ದು ಉರ್ದು ಒಂದನ್ನೇ. ಪ್ರತಿ ಗೆರೆಯ ಕೆಳಗೂ ಅಂಕಿ ಉರ್ದುವಿನಲ್ಲಿತ್ತು. ಸೈದಾನಿ ಬಗ್ಗಿ, ಒಂದೊಂದೇ ಅಂಕಿಯನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಕೊನೆಯವರೆಗೂ ಓದಿದಳು.

"ಎಷ್ಟಕ್ಕಿಡ್ಲಿ?" ಎಂದಳು.

"ಆರಕ್ಕಿಡು."

ಗೈಡನ್ನು ಜಾರಿಸಿ, ಗೆರೆಗೆ ಸರಿಯಾಗಿ ನಿಲ್ಲಿಸಿ, ಹಿಡಿ ತಿರುಗಿಸಿ ಬಿಗಿದಳು. ಬಾಲವನ್ನು ಅಂಗೈಯಿಂದ ಒಮ್ಮೆ ಗುದ್ದಿ ನೋಡಿದಳು. ಅಲುಗಲಿಲ್ಲ. ಮುನೀರ್ ಸ್ವಿಚ್ಚು ಹಾಕಿ ಹಲಸಿನ ಹಲಗೆಯನ್ನು ತಳ್ಳಿದ. ಮೊದಮೊದಲು ಇಂಚಿಂಚಿಗೂ ನಿಲ್ಲಿಸಿ ಗೈಡಿನ ಬಾಲದ ಕಡೆ ನೋಡುತ್ತಿದ್ದ. ಅವಳು ಪಕ್ಕದಲ್ಲಿ ನಿಂತು "ಹೋಗ್ಲಿ, ಹೋಗ್ಲಿ, ಸರಿ ಹೋಗ್ತಾ ಇದೆ" ಎನ್ನುತ್ತಿದ್ದಳು. ಅರ್ಧ ದಾಟುವಷ್ಟರಲ್ಲಿ ಅವನು ನಿಲ್ಲಿಸದೆ ತಳ್ಳುತ್ತಿದ್ದ.

ತೀರ್ಥಪ್ಪನವರ ಬಾಗಿಲು ಆ ದೀಪಾವಳಿಯ ಹೊತ್ತಿಗೆ ಅಂತರಘಟ್ಟೆ ಸೇರಿತು. ಮುಂದೆ ಪಂಚನಹಳ್ಳಿಯ ಬಡಗಿಯೊಬ್ಬರು ಬಂದು ಅದೇ ತರಹದ ಗೈಡು ಮಾಡಿಸಿಕೊಂಡರು. ಮುನೀರ್ ಎಲ್ಲರಿಗೂ ಇದು ನನ್ನ ಹೆಂಡತಿಯ ಯೋಚನೆ ಎಂದೇ ಹೇಳುತ್ತಿದ್ದ. ಸೈದಾನಿ ಆಗ ನಾಚಿಕೊಂಡು, ಟೀ ಕಾಯಿಸುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು. ಆದರೆ ಅವಳು ಮರಳಿ ಬಂದು ಹಿಡಿ ಬಿಗಿಯುವ ತನಕ ಮುನೀರ್ ಮಿಷನ್ ಹಾಕುತ್ತಿರಲಿಲ್ಲ. ಬಂದ ಗಿರಾಕಿಗಳು ಲೋಟ ಹಿಡಿದುಕೊಂಡು ಕಾಯುತ್ತಿದ್ದರು.