ಪರ್ಮಿಟ್ ಮುಗಿದಿರಲಿಲ್ಲ

ಹೇಮಾಗೆ ಸಿಟ್ಟು ಜಾಸ್ತಿ ಎಂದು ಕಂಪ್ಲಿಯ ಅವರ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ತಾಯಿಯನ್ನು ಮೇಸ್ತ್ರಿ ಬೈದನೆಂದು ಹೈಸ್ಕೂಲಿನಲ್ಲಿದ್ದಾಗಲೇ ಗಿರಣಿಯ ಬಾಗಿಲಿಗೆ ಹೋಗಿ ಜಗಳ ತೆಗೆದವಳು. ಹೊಸಪೇಟೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, ತೋರಣಗಲ್ಲಿನಾಚೆಯ ಒಂದು ಸಣ್ಣ ಕಬ್ಬಿಣದ ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ಸೇರಿದಾಗ, ನಾಲಿಗೆ ಬಿಗಿ ಹಿಡಿ ಎಂದು ತಾಯಿಯೇ ಹೇಳಿ ಕಳಿಸಿದ್ದಳು. ಹೇಮಾ ಒಂದಷ್ಟು ಕಾಲ ಹಿಡಿದಳು ಕೂಡ.

ಆ ಕಾರ್ಖಾನೆಯಲ್ಲಿ ಗ್ಯಾಸಿನ ದೊಡ್ಡ ಪೈಪುಗಳೊಳಗೆ ರಿಪೇರಿಗೆ ಇಳಿಯುವವರಿಗೆ ಪರ್ಮಿಟ್ ಬೇಕು. ಕಾಗದದಲ್ಲಿದ್ದ ಪರ್ಮಿಟ್ಟನ್ನು ಆ ವರ್ಷ ಕಂಪ್ಯೂಟರಿಗೆ ಹಾಕಿದರು. ಸೇಫ್ಟಿ ಆಫೀಸಿನ ಡೇಟಾಬೇಸಿನಲ್ಲಿ ಬರೆದದ್ದು ಕೂಡಲೇ ಕಂಟ್ರೋಲ್ ರೂಮಿನ ಇನ್ನೊಂದು ಡೇಟಾಬೇಸಿಗೆ ನಕಲಾಗಬೇಕು. ಪರ್ಮಿಟ್ ಇರುವವರೆಗೆ ಅಲ್ಲಿನ ಪರದೆಯಲ್ಲಿ ಆ ಪೈಪು ಕೆಂಪು, ಅವಧಿ ಮುಗಿದರೆ ಹಸಿರು. ಹಸಿರಾದ ಮೇಲೆ ಗ್ಯಾಸ್ ಬಿಡಬಹುದು. ಫೋನ್ ಮಾಡಿ ‘ಎಲ್ಲರೂ ಹೊರಗೆ ಬಂದರಾ’ ಎಂದು ಕೇಳುವ ಹಳೆಯ ಪದ್ಧತಿಯನ್ನು ನಿಲ್ಲಿಸುವುದೆಂದು ತೀರ್ಮಾನವಾಯಿತು.

ನಕಲು ಸರಿಯಾಗಿ ಬರುತ್ತದೆಯೇ ಎಂದು ಪರೀಕ್ಷಿಸುವುದು ಹೇಮಾಳ ಕೆಲಸ. ಸಂಜೆ ಆರರವರೆಗೆ ಎಂದು ಪರೀಕ್ಷೆಗಾಗಿ ಒಂದು ಪರ್ಮಿಟ್ ಬರೆದಳು. ಕಂಟ್ರೋಲ್ ರೂಮಿನಲ್ಲಿ ಅದರ ಅವಧಿ ಮಧ್ಯಾಹ್ನ ಹನ್ನೆರಡೂವರೆಗೇ ಮುಗಿಯುವಂತೆ ಕಾಣಿಸಿತು. ನಕಲು ಸರ್ವರನ್ನು ಕೂಡಿಸಿದವರು ಅದನ್ನು ಗ್ರೀನ್‌ವಿಚ್ ಸಮಯದಲ್ಲೇ ಬಿಟ್ಟಿದ್ದರು. ಬಂದ ವೇಳೆಯನ್ನೆಲ್ಲ ಅದು ಐದೂವರೆ ಗಂಟೆ ಹಿಂದಕ್ಕೆ ತಿರುಗಿಸಿ ಕೊಡುತ್ತಿತ್ತು. ಪರದೆ ಅದನ್ನೇ ಇಲ್ಲಿನ ಹೊತ್ತೆಂದು ನಂಬುತ್ತಿತ್ತು.

ವಿಭಾಗದ ಮ್ಯಾನೇಜರ್ ಅಭಯನಿಗೆ ಹೇಮಾ ಇದನ್ನು ಮೀಟಿಂಗಿನಲ್ಲಿ ಎಲ್ಲರೆದುರೇ ಹೇಳಿದಳು.

“ಸರ್, ಒಳಗ ಮಂದಿ ಇರ್ತಾರ. ಇಲ್ಲಿ ಹಸಿರು ತೋರಸ್ತೈತಿ.”

“ಅದು ಬರೇ ಡಿಸ್‌ಪ್ಲೇ ಪ್ರಾಬ್ಲಂರಿ ಹೇಮಾ. ಸೋಮವಾರ ಡೈರೆಕ್ಟರು ಬರ್ತಾರ, ಉದ್ಘಾಟನೆ ಆಗ್ಲಿ. ಆಮ್ಯಾಲೆ ಸರಿ ಮಾಡೋಣಂತ.”

“ಅಲ್ಲೀತನ ಫೋನ್ ಮಾಡಿ ಕೇಳೋದಾದ್ರೂ ಇರ್ಲಿ ಸರ್.”

“ಹಂಗಾದ್ರ ಈ ಸಿಸ್ಟಂ ಯಾಕ ಬೇಕು?” ಎಂದು ಅಭಯ ನಕ್ಕ. ಸುತ್ತ ಕೂತವರೂ ನಕ್ಕರು.

ಪರೀಕ್ಷೆ ಪಾಸಾಯಿತೆಂದು ಸಹಿ ಹಾಕಲು ಹೇಮಾ ಒಪ್ಪಲಿಲ್ಲ. ಅಭಯ ತಾನೇ ಹಾಕಿದ.

ಉದ್ಘಾಟನೆಯ ವಾರದಲ್ಲೇ ಅನಾಹುತವಾಯಿತು. ಸಂಡೂರಿನ ವೆಲ್ಡರ್ ತಾಯಪ್ಪ, ಅವನ ಜೊತೆಗಾರ ಮಲ್ಲೇಶ್ ಇಬ್ಬರೂ ಸಂಜೆಯವರೆಗಿನ ಪರ್ಮಿಟ್ ಪಡೆದು ಪೈಪಿನೊಳಗಿದ್ದರು. ಮಧ್ಯಾಹ್ನ ಪರದೆ ಹಸಿರಾಯಿತು, ಆಪರೇಟರ್ ವಾಲ್ವ್ ತೆಗೆದ. ಆ ಗ್ಯಾಸಿಗೆ ವಾಸನೆಯಿಲ್ಲ. ಅಂಗಿಗೆ ಸಿಕ್ಕಿಸಿದ್ದ ಅಲಾರಂ ಕೂಗಿದಾಗ ತಾಯಪ್ಪ ಮೊದಲು ಮಲ್ಲೇಶನನ್ನು ಹೊರಗೆ ದಬ್ಬಿದ. ತಾನು ಬರುವಷ್ಟರಲ್ಲಿ ಕುಸಿದುಬಿದ್ದ. ಹೊರಗಿದ್ದವರು ಎಳೆದು ತೆಗೆದು ಹೊಸಪೇಟೆಯ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು.

ಕೆಲವು ದಿನಗಳ ನಂತರ ಬೆಳಿಗ್ಗೆ ಹೇಮಾ ಬಸ್ಸಿಳಿದಾಗ ತಾಯಪ್ಪನ ಹೆಂಡತಿ ಎಲ್ಲಮ್ಮ ಗೇಟಿನಲ್ಲಿ ಸೆಕ್ಯುರಿಟಿಯವರೊಂದಿಗೆ ವಾದಿಸುತ್ತಿದ್ದಳು.

“ಪರ್ಮಿಟ್ ಮುಗಿದ ಮ್ಯಾಲೂ ಒಳಗ ಮಲಗಿದ್ದ ಅಂತಾರ್ರಿ ಅಕ್ಕಾರ,” ಎಂದಳು ಹೇಮಾಳ ಕಡೆ ತಿರುಗಿ. “ಗೇಟ್ ಪಾಸ್ ಕಿತ್ಗೊಂಡಾರ. ನನ್ನ ಗಂಡ ಕೆಲಸದಾಗ ಮಲಗಾಂವಲ್ರಿ.”

ಹೇಮಾಗೆ ಮೈಯೆಲ್ಲ ಉರಿಯಿತು. “ಪರ್ಮಿಟ್ ಮುಗಿದಿರಲಿಲ್ಲಕ್ಕ. ಬರ್ರಿ ನನ್ನ ಜೋಡಿ,” ಎಂದು, ಅವಳನ್ನು ತನ್ನ ಹೆಸರಿನಲ್ಲೇ ಒಳಗೆ ಬಿಡಿಸಿಕೊಂಡು, ನೇರ ವಿಚಾರಣೆ ನಡೆಯುತ್ತಿದ್ದ ಕೋಣೆಗೆ ನುಗ್ಗಿದಳು.

ಸೇಫ್ಟಿ ವಿಭಾಗದ ಹಿರಿಯ ಗೋಪೀನಾಥರು ವಿಚಾರಣೆಗೆ ಕೂತಿದ್ದರು. ಪಕ್ಕದಲ್ಲಿ ಅಭಯ. ಹೇಮಾ ಲ್ಯಾಪ್‌ಟಾಪ್ ತೆಗೆದು ಗೋಪೀನಾಥರ ಮುಂದಿಟ್ಟಳು.

“ನೀವ ಒಂದು ಪರ್ಮಿಟ್ ಬರೀರಿ ಸರ್. ಮಧ್ಯಾಹ್ನ ಎರಡರತನ.”

ಅವರು ಬರೆದರು. ಕಂಟ್ರೋಲ್ ರೂಮಿನ ಪರದೆಯನ್ನೇ ತೋರಿಸುವ ಗೋಡೆಯ ಟಿವಿಯಲ್ಲಿ ಅದು ಬಂದದ್ದೇ ಹಸಿರಾಗಿ. ಬೆಳಿಗ್ಗೆ ಎಂಟೂವರೆಗೇ ಮುಗಿದಿದೆ ಎಂದು ತೋರಿಸುತ್ತಿತ್ತು. ಅಷ್ಟೆಲ್ಲ ಆದ ಮೇಲೂ ಯಾರೂ ಆ ಸರ್ವರನ್ನು ಮುಟ್ಟಿರಲಿಲ್ಲ.

“ಉದ್ಘಾಟನೆಗೆ ಮೊದಲ ಹೇಳಿದ್ದೆ. ಕೇಳಿ ನಕ್ಕಿದ್ರು,” ಎಂದಳು ಹೇಮಾ.

“ಕುಂದ್ರಿ ಹೇಮಾ,” ಎಂದ ಅಭಯ. “ಒಳಗಿನ ಮಾತು ಒಳಗ ಇರ್ಲಿ.”

“ಒಳಗಿದ್ದಾಂವ ತಾಯಪ್ಪ ಸರ್. ನೀವಲ್ಲ.”

ಗೋಪೀನಾಥರು ತಾಯಪ್ಪನ ಪರ್ಮಿಟ್ಟನ್ನು ತೆರೆದು ನೋಡಿದರು, ಅದು ಸಂಜೆಯವರೆಗಿತ್ತು. ಆಮೇಲೆ ಎಲ್ಲಮ್ಮನಿಗೆ, “ನಿನ್ನ ಗಂಡಂದು ತಪ್ಪಿಲ್ಲವ್ವಾ,” ಎಂದರು.

ತಾಯಪ್ಪನ ಮೇಲಿನ ಆರೋಪ ಹೋಯಿತು, ಪಾಸ್ ಮರಳಿ ಬಂತು. ಫೋನ್ ಮಾಡಿ ಕೇಳುವ ಪದ್ಧತಿಯನ್ನು ಮತ್ತೆ ತಂದರು. ಸರ್ವರನ್ನೂ ಸರಿಪಡಿಸಿದರು, ಒಂದೇ ಸಾಲು ಬದಲಿಸಿದರೆ ಸಾಕಾಯಿತು. ಆದರೆ ವರದಿಯಲ್ಲಿ ‘ತಾಂತ್ರಿಕ ದೋಷ’ ಎಂದಷ್ಟೇ ಬರೆದರು, ಯಾರ ಹೆಸರೂ ಇರಲಿಲ್ಲ. ಅಭಯನಿಗೆ ಇನ್ನೊಂದು ಊರಿಗೆ ವರ್ಗವಾಯಿತು, ಹಾರ ಹಾಕಿ ಬೀಳ್ಕೊಟ್ಟರು. ಹೇಮಾ ಆ ಸಮಾರಂಭಕ್ಕೆ ಹೋಗಲಿಲ್ಲ.

ಒಂದು ಭಾನುವಾರ ಅವಳು ಸಂಡೂರಿಗೆ ಹೋದಳು. ತಾಯಪ್ಪನ ಕೈ ನಡುಗುತ್ತಿತ್ತು. ಗ್ಯಾಸು ಮಿದುಳಿಗೆ ತಾಗಿದೆ, ಇನ್ನು ವೆಲ್ಡಿಂಗ್ ಆಗದು ಎಂದು ಡಾಕ್ಟರು ಹೇಳಿದ್ದರು.

“ಆ ಸಾಹೇಬ್ರೊಳಗ ಒಬ್ಬರಾದ್ರೂ ಬಂದು ಮಾರಿ ತೋರಿಸ್ಲಿಲ್ಲ,” ಎಂದ ತಾಯಪ್ಪ. ದನಿಯಲ್ಲಿ ಬೆಂಕಿಯಿತ್ತು. “ನಾನು, ಮತ್ತ... ನನ್ನ ಜೋಡಿ ಇದ್ದನಲ್ಲ, ಆ ಹುಡುಗ...”

ಹೆಸರು ನೆನಪಾಗದೆ ಅವನು ಮುಷ್ಟಿ ಬಿಗಿದು ಮಂಚಕ್ಕೆ ಗುದ್ದಿದ.

“ಮಲ್ಲೇಶ,” ಎಂದಳು ಎಲ್ಲಮ್ಮ.