ಬಿಟ್ಟು ಬಂದ ಮಂಡಕ್ಕಿ ವ್ಯಾನು

ನಮ್ಮ ಅವ್ವನಿಗೆ ಕಿವಿ ಮಂದ. ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿಕೊಂಡೇ ಎಲ್ಲ ಹಿಡಿದುಬಿಡುತ್ತಾಳೆ. ಹಿಂದೆ ನಿಂತು ಎಷ್ಟು ಕೂಗಿದರೂ ಅವಳ ಪಾಲಿಗೆ ನಾವು ಇದ್ದೂ ಇಲ್ಲದವರು. ಕೇಳಿಸದಿದ್ದರೆ ತಾನೂ ಮಾತಾಡುವುದಿಲ್ಲ. ಅವ್ವನ ಬಾಯಿಂದ ಮಾತು ಹೊರಡಬೇಕೆಂದರೆ ಅವಳ ಎದುರಿಗೊಂದು ಮುಖ ಇರಬೇಕು. ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ ಮುಖಗಳಿಗೇನೂ ಕೊರತೆಯಿಲ್ಲ, ಆದರೆ ಅವೆಲ್ಲ ಒಂದೊಂದು ದಿಕ್ಕಿಗೆ ತಿರುಗಿರುತ್ತವೆ. ಹೆಂಡತಿಯದು ಒಲೆಯ ಕಡೆ, ಮಗಳದು ಮೊಬೈಲಿನ ಕಡೆ, ನನ್ನದು ಮುಂದೆ ಬಂದರೂ ಬರಬಹುದಾದ ಯಾವುದೋ ಕಷ್ಟದ ಕಡೆ.

ಗಾಡಿ ಕೊಳ್ಳಲು ಹೊರಟಾಗ ನಾನು ನೋಡಬೇಕಾಗಿದ್ದದ್ದು ಇದೊಂದನ್ನೇ. ಇದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ನೋಡಿದೆ.

ಕೊಂಡಜ್ಜಿಯಲ್ಲಿ ನಮಗೆ ಒಂದು ತುಂಡು ಹೊಲ ಇದೆ. ಪಾಲಿಗೆ ಕೊಟ್ಟಿದ್ದೇವೆ. ದಸರೆ ಮುಗಿದು ಸೀಗೆ ಹುಣ್ಣಿಮೆ ಬಂತೆಂದರೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ, ಪೈರಿಗೆ ಪೂಜೆ ಮಾಡಿ, ಬುತ್ತಿಯ ಅನ್ನವನ್ನು ಒಂದಿಷ್ಟು ಹೊಲದ ತುಂಬ ಚೆಲ್ಲಿ, ಬದುವಿನ ಮೇಲೆ ಕೂತು ಉಂಡು ಬರಬೇಕು. ಬೇಕೇನೋ ಹೌದು, ಆದರೆ ನಾವು ಒಟ್ಟಿಗೆ ಹೋದದ್ದೇ ಇಲ್ಲ. ನಾನು, ಮಗಳು ಸ್ಕೂಟರಿನಲ್ಲಿ. ಅವ್ವ, ಹೆಂಡತಿ ಹರಿಹರದ ತನಕ ಬಸ್ಸಿನಲ್ಲಿ. ಅಲ್ಲಿಂದ ಅಕ್ಕ ಭಾವನ ಜೊತೆ ಸಿಕ್ಕ ಆಟೋದಲ್ಲಿ. ಒಂದು ವರ್ಷ ಕರ್ಪೂರ ಬಂದು ಬೆಂಕಿಪೊಟ್ಟಣ ಬರಲಿಲ್ಲ. ಇನ್ನೊಂದು ವರ್ಷ ಬುತ್ತಿ ಬಂದು ಅವ್ವ ಬರಲಿಲ್ಲ, ಬಸ್ಸು ಕೆಟ್ಟು ನಿಂತಿತ್ತು. ಎಲ್ಲರೂ ಬಂದು ಮುಟ್ಟುವ ಹೊತ್ತಿಗೆ ಯಾರಿಗೂ ಮಾತಾಡುವ ಚೈತನ್ಯ ಉಳಿದಿರುತ್ತಿರಲಿಲ್ಲ.

ಅವ್ವ ನನ್ನೆದುರಿಗೆ ಬಂದು ಕೂತು ಹೇಳಿದಳು, “ಎಲ್ಲಾರೂ ಒಂದಾ ಗಾಡ್ಯಾಗ ಮಾತಾಡ್ಕಂತ ಹೋಗಂಗಾದ್ರೆ ಸಾಕು ನೋಡಪ. ಹೊಲ ಮುಟ್ಟದಿದ್ರೂ ಚಿಂತಿಲ್ಲ.”

ಅವಳು ಬಾಯಿಬಿಟ್ಟು ಕೇಳಿದ್ದು ಅಪರೂಪ. ನಾನು ಕೂಡಲೇ ಕಾರ್ಯಪ್ರವೃತ್ತನಾದೆ. ಅಂದರೆ, ಚಿಂತೆ ಮಾಡಲು ಕೂತೆ. ಹೊಸದೋ, ಹಳೆಯದೋ? ಪೆಟ್ರೋಲೋ, ಗ್ಯಾಸೋ? ಹೊಸದಾದರೆ ಕಂತು ಕಟ್ಟುತ್ತಾ ನಿವೃತ್ತಿ ಬಂದುಬಿಡುತ್ತದಲ್ಲ? ಹಳೆಯದಾದರೆ ಹೈವೇ ನಡುವೆ ಕೈಕೊಟ್ಟರೆ? ಮೊಬೈಲಿನಲ್ಲಿ ಒಬ್ಬಾತ ಏಳು ಸೀಟಿನ ಗಾಡಿಯನ್ನು ಹಿಮದ ಬೆಟ್ಟ ಹತ್ತಿಸಿ ತೋರಿಸುತ್ತಿದ್ದ. ನಮಗೆ ಹೋಗಬೇಕಾಗಿದ್ದದ್ದು ಕೊಂಡಜ್ಜಿಗೆ. ಆದರೂ ಕೊನೆಯ ತನಕ ನೋಡಿದೆ, ಎಲ್ಲಾದರೂ ಜಾರುತ್ತದೇನೋ ಅಂತ.

“ನೀವು ಗಾಡಿ ತಗಂತೀರೋ, ಗಾಡಿ ಮ್ಯಾಲೆ ಪರೀಕ್ಷೆ ಬರಿತೀರೋ?” ಎಂದಳು ಹೆಂಡತಿ.

ಹರಿಹರದ ಭಾವನದು ಇದಕ್ಕೆ ಉಲ್ಟಾ ಸ್ವಭಾವ. ಒಂದು ಭಾನುವಾರ ಬೆಳಿಗ್ಗೆ ಮನೆಗೇ ಬಂದು, ಚಪ್ಪಲಿಯನ್ನೂ ಬಿಡದೆ, “ಎದ್ದೇಳ್ರಿ, ಗಾಡಿ ಸಿಕ್ಕೇತೆ. ಮಂಡಕ್ಕಿ ಗಾಡಿ!” ಎಂದರು.

ನಮ್ಮ ದಾವಣಗೆರೆಯಲ್ಲಿ ಹಳೆಯ ವ್ಯಾನು ಕೊಳ್ಳುವವರು ಎಷ್ಟು ಕಿಲೋಮೀಟರ್ ಓಡಿದೆ ಎಂದು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, ಏನು ಹೊತ್ತಿದೆ ಎಂದು. ಸಿಮೆಂಟು ಹೊತ್ತದ್ದು ಬೇಡ. ಶಾಲೆ ಮಕ್ಕಳನ್ನು ಹೊತ್ತದ್ದಂತೂ ಬೇಡವೇ ಬೇಡ. ಮಂಡಕ್ಕಿ ಹೊತ್ತದ್ದಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಮಾಡಿನ ತನಕ ಚೀಲ ತುರುಕಿದರೂ ಮಂಡಕ್ಕಿಗೆ ತೂಕವೆಲ್ಲಿ? ಗಾಡಿ ಹುಟ್ಟಿದಾಗಿನಿಂದ ಗಾಳಿಯನ್ನೇ ಹೊತ್ತು ತಿರುಗಿದ ಲೆಕ್ಕ.

ಅವ್ವನನ್ನು ಆ ದಿನ ಅಕ್ಕನ ಮನೆಗೆ ಬಿಡಬೇಕಿತ್ತು. ಹಾಗಾಗಿ ಅವಳೂ ಬಂದಳು. ಹೆಂಡತಿ, ಮಗಳೂ ಬಂದರು. ಇಲ್ಲದಿದ್ದರೆ ಗಾಡಿ ನೋಡಲು ಹೆಂಗಸರನ್ನು ಕರೆದುಕೊಂಡು ಹೋಗುವ ರೂಢಿ ನಮ್ಮಲ್ಲಿಲ್ಲ. ಗಂಡಸರು ಹೋಗಿ ಟೈರಿಗೆ ಒದ್ದು ಬರುವುದು ಪದ್ಧತಿ.

ಮಂಡಕ್ಕಿ ಹುರಿಯುವ ಭಟ್ಟಿಯ ಹೊಗೆ ಹಿಡಿದ ಗೋಡೆಯ ಪಕ್ಕ ಬಿಳಿ ವ್ಯಾನು ನಿಂತಿತ್ತು. ಮೂತಿಯ ಮೇಲೆ ವಿಭೂತಿ ಪಟ್ಟೆ, ಕೆಳಗೆ ಒಣಗಿದ ನಿಂಬೆಹಣ್ಣು. “ಶುಕ್ರವಾರ ತಪ್ಪಿದ್ದಿಲ್ರಿ ಪೂಜೆ” ಎಂದರು ಭಟ್ಟಿ ಮಾಲೀಕರು. “ವಾರದಾಗ ಸೀಟು ಬಿಚ್ಚಿ ಚೀಲ ಹಾಕ್ತೀವಿ, ಅಮಾಸಿಗೆ ಸೀಟು ಕೂಡಿಸಿ ಮನಿಮಂದಿ ಹೋಗ್ತೀವಿ. ಕೂಲಿ ಮಾಡಿದ ಗಾಡಿ ಅಲ್ರಿ ಇದು, ಮೆರೆದ ಗಾಡಿ.” ಪಕ್ಕದ ಬಾಗಿಲನ್ನು ಜರುಗಿಸಿದರು. ಒಳಗೆ ನಡುವಿನ ಸೀಟು ಹಿಂದಕ್ಕೆ ಮುಖ ಮಾಡಿತ್ತು, ಹಿಂದಿನ ಸೀಟು ಮುಂದಕ್ಕೆ. ಹಳೇ ಕಾಲದ ರೈಲು ಡಬ್ಬಿಯಂತೆ, ಎದುರುಬದುರು.

ಅವ್ವ ಯಾರನ್ನೂ ಕೇಳಲಿಲ್ಲ. ಪೂಜೆಯಾದ ಗಾಡಿ, ಇನ್ನೇನು ಕೇಳುವುದು? ಬಾಗಿಲಿನ ಅಂಚಿಗೆ ಕೈ ಕೊಟ್ಟು, ತಗ್ಗಾದ ನೆಲದ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಎಳೆದುಕೊಂಡು ಕೂತೇಬಿಟ್ಟಳು. ಮೊಣಕಾಲಿನ ಸುದ್ದಿಯನ್ನೇ ಎತ್ತಲಿಲ್ಲ. ಹೆಂಡತಿ, ಮಗಳು ಎದುರಿಗೆ ಕೂತರು. ವ್ಯಾನಿನೊಳಗೆ ಹುರಿದ ಮಂಡಕ್ಕಿಯ ಬೆಚ್ಚನೆಯ ವಾಸನೆ. ಅವ್ವ ಮೂಗೆಳೆದಳು. ಎದುರಿಗಿದ್ದ ಎರಡು ಮುಖ ನೋಡಿದಳು. ಮಾತು ಶುರುವಾಯಿತು.

“ಇವನ ಹೆಸರಿಡಾ ದಿನ ನೋಡು, ಇವರಪ್ಪ ಇಲ್ಲಿಂದ ಹರಿಹರಕ್ಕೆ ಸೈಕಲ್ ಮ್ಯಾಲೆ ಮಂಡಕ್ಕಿ ಚೀಲ ಕಟ್ಕಂಡು ಹೊಂಟಾರ. ಚೀಲ ಇವರಿಗಿಂತ ಎತ್ರ. ನಾಲೆ ಏರಿ ಮ್ಯಾಲೆ ಬಂದಾರ, ಬಂತು ನೋಡು ಗಾಳಿ...”

ನಾನು ಈ ಕಥೆ ಕೇಳಿರಲಿಲ್ಲ. ನನ್ನ ಹೆಸರಿಟ್ಟ ದಿನದ ಕಥೆ, ನನಗೇ ಗೊತ್ತಿಲ್ಲ. ಆದರೆ ಆಗ ನಾನು ಮುಂದಿನ ಸೀಟಿನ ಕೆಳಗೆ ರಬ್ಬರಿನ ಹಾಸು ಎತ್ತಿ, ಮನೆಯಿಂದ ತಂದ ಸ್ಕ್ರೂಡ್ರೈವರಿನಿಂದ ನೆಲ ಕುಟ್ಟುತ್ತಿದ್ದೆ. ಮಂಡಕ್ಕಿಗೆ ತೂಕವಿಲ್ಲ, ಒಪ್ಪಿದೆ. ಆದರೆ ಮಂಡಕ್ಕಿ ಅಕ್ಕಿಗೆ ಹುರಿಯುವ ಮುಂಚೆ ಉಪ್ಪುನೀರು ಹಾಕುತ್ತಾರಲ್ಲ? ಉದುರಿದ ಉಪ್ಪಿನ ಪುಡಿ ವರ್ಷಗಟ್ಟಲೆ ಹಾಸಿನ ಕೆಳಗೆ ಕೂತರೆ ಕಬ್ಬಿಣದ ಗತಿಯೇನು? ಈ ಊರಿನಲ್ಲಿ ಯಾರಿಗೂ ಹೊಳೆಯದ ಚಿಂತೆ ನನಗೆ ಹೊಳೆದಿತ್ತು. ಮೂಲೆಯಲ್ಲಿ ಸ್ಕ್ರೂಡ್ರೈವರು ಪಸಕ್ಕನೆ ಒಳಗಿಳಿಯಿತು. ಎಳೆದರೆ ರೂಪಾಯಿ ಅಗಲದ ತೂತು. ತೂತಿನಲ್ಲಿ ನೆಲ ಕಂಡಿತು, ನೆಲದ ಮೇಲೆ ಒಂದು ಇರುವೆಯೂ ಕಂಡಿತು.

ನನಗಾದ ಆನಂದವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಚಿಂತೆ ಮಾಡುವವನಿಗೆ ಚಿಂತೆ ನಿಜವಾದಾಗ ಸಿಗುವ ಸುಖ ಬೇರೆ ಯಾರಿಗೂ ಅರ್ಥವಾಗುವುದಿಲ್ಲ.

“ತಗಡು ಬಡಿಸಿದ್ರೆ ಮುಗೀತು. ಅರ್ಧ ದಿನದ ಕೆಲಸ, ನಾನಾ ಮಾಡಿಸಿಕೊಡ್ತೀನಿ” ಎಂದರು ಮಾಲೀಕರು.

“ಉಪ್ಪು ಅಂದ್ರೆ ಹೆಂಗೆ ಅಂಜ್ತೀರಿ! ಗಾಡಿ ಏನು ಸಮುದ್ರದಾಗ ಬಿದ್ದಿತ್ತೇನು?” ಎಂದರು ಭಾವ.

ನನ್ನ ಕಣ್ಣಿಗೆ ಬೇರೆಯೇ ಕಾಣುತ್ತಿತ್ತು. ಹೈವೇ ಮೇಲೆ ನೆಲ ಕಳಚಿ, ಅವ್ವನ ಎರಡು ಕಾಲು ಕೆಳಗೆ ಜೋತು ಬಿದ್ದು, ಹಿಂದಿನಿಂದ ಲಾರಿ. “ಯೋಚನೆ ಮಾಡಿ ಹೇಳ್ತೀನ್ರಿ” ಎಂದೆ. ಹಾಗೆಂದರೆ ಏನೆಂದು ಎಲ್ಲರಿಗೂ ಗೊತ್ತು. ಹೆಂಗಸರನ್ನು ಇಳಿಯಲು ಹೇಳಿದೆ. ಒಳಗೆ ಅಪ್ಪ ಇನ್ನೂ ನಾಲೆ ಏರಿಯ ಮೇಲೇ ಇದ್ದರು. ಅವ್ವ ಕಥೆ ನಿಲ್ಲಿಸಿ ನನ್ನ ತುಟಿ ನೋಡಿ, “ಯಾಕ, ಇದರಾಗ ಹರಿಹರಕ್ಕ ಹೋಗಾಣಲ್ಲ?” ಎಂದಳು.

“ಬ್ಯಾಡವ್ವ. ನೆಲ ಚಲೋ ಇಲ್ಲ.”

“ನನ್ನ ಕಾಲಿಗಿಂತ ಚಲೋ ಐತೆ ಬಿಡು” ಎಂದು ಗೊಣಗುತ್ತ ಇಳಿದಳು.

ಕಡೆಗೆ ಹೊಸದನ್ನೇ ತೆಗೆದುಕೊಂಡೆ. ಏಳು ಸೀಟಿನವುಗಳಲ್ಲಿ ಬಡವರದ್ದು. ಗ್ಯಾರಂಟಿ ಕಾರ್ಡು ಕೊಟ್ಟರು; ನನಗೆ ನಿಜವಾಗಿ ಬೇಕಾಗಿದ್ದದ್ದು ಅದೇ ಕಾರ್ಡು, ಗಾಡಿ ಅದರ ಜೊತೆ ಬಂತು. ಸೀಗೆ ಹುಣ್ಣಿಮೆಯ ಹಿಂದಿನ ದಿನ ಮನೆ ಮುಂದೆ ತಂದು ನಿಲ್ಲಿಸಿದೆ. ಒಮ್ಮೆ ಹತ್ತಿ ನೋಡು ಎಂದು ಅವ್ವನನ್ನು ಕರೆದದ್ದುಂಟು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. “ಪೂಜಿ ಆಗದ ಗಾಡ್ಯಾಗ ಕೂಡಬಾರದು. ನಾಳೆ ಎಲ್ಲಾರೂ ಕೂಡೇ ಹತ್ತಾಣ.” ನನಗೂ ಅದು ಸರಿಯೆನಿಸಿತು. ಇಂಜಿನ್ನಿನಿಂದ ಡಿಕ್ಕಿಯ ತನಕ ಎಲ್ಲದಕ್ಕೂ ಅಂಜಿದ ನಾನು, ಇದೊಂದಕ್ಕೆ ಅಂಜಲಿಲ್ಲ.

ಮರುದಿನ ಬೆಳಿಗ್ಗೆ ಕಾಯಿ ಒಡೆದು, ಗಾಲಿ ಕೆಳಗೆ ನಿಂಬೆಹಣ್ಣಿಟ್ಟು ಅಪ್ಪಚ್ಚಿ ಮಾಡಿ ಪೂಜೆ ಮುಗಿಯಿತು. ಓಣಿಯವರೆಲ್ಲ ನೋಡುತ್ತಿದ್ದರು. ಅವ್ವ ಹೊಸ ಇಳಕಲ್ ಸೀರೆ ಉಟ್ಟು ಬಂದು ಬಾಗಿಲ ಹತ್ತಿರ ನಿಂತಳು. ಕಾಲೆತ್ತಿದಳು. ಕಾಲು ಗಾಡಿಯ ನೆಲದ ಅಂಚಿನ ತನಕ ಹೋಗಲೇ ಇಲ್ಲ. ಇನ್ನೊಮ್ಮೆ ಎತ್ತಿದಳು. ಹೆಂಡತಿ ಒಳಗಿನಿಂದ ಪ್ಲಾಸ್ಟಿಕ್ ಸ್ಟೂಲು ತಂದಳು. ಸ್ಟೂಲಿನ ಮೇಲೆ ನಿಂತರೆ ಸ್ಟೂಲು ನಡುಗಿತು, ಅದನ್ನು ಹಿಡಿದ ನಾನೂ ನಡುಗಿದೆ.

“ಬಿಡ್ರೋ, ಅಂಬಾರಿ ಹತ್ತಾಕ ನಾನೇನು ಮಹಾರಾಣಿ ಅಲ್ಲ” ಎಂದು ಅವ್ವ ಇಳಿದು ಸೆರಗು ಸರಿಮಾಡಿಕೊಂಡಳು. ಓಣಿಯವರು ನಕ್ಕರು. ಅವಳೂ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, “ಗಾಡಿ ಚಂದ ಐತಪ. ನೀವು ನಡೀರಿ, ನಾನು ಆಟೋದಾಗ ಬರ್ತೀನಿ” ಎಂದಳು.

ಅವಳೊಬ್ಬಳನ್ನೇ ಕಳಿಸುವುದು ಹೇಗೆ? ಹೆಂಡತಿ ಜೊತೆಗೆ ಹತ್ತಿದಳು. ಮಗಳು ಒಂದು ಕಾಲು ನನ್ನ ಗಾಡಿಯ ಕಡೆ ಇಟ್ಟು, ಆಟೋದ ಕಡೆ ನೋಡಿ, “ಅಪ್ಪಾ, ನೀನು ಹೆಂಗೂ ಹಿಂದಾ ಬರ್ತೀಯಲ್ಲ” ಎಂದು ಅಲ್ಲಿಗೇ ಓಡಿದಳು. ಹಿಂದಿನ ಸೀಟಿನಲ್ಲಿ ಅಕ್ಕನಿಗೆ ಜಾಗ ಬೇಕಿತ್ತು. ಡ್ರೈವರಿನ ಪಕ್ಕ ಹಿಂದಕ್ಕೆ ತಿರುಗಿ, ಅವ್ವನಿಗೆ ಮುಖ ಮಾಡಿ ಕೂತಳು.

ಹರಿಹರದಲ್ಲಿ ಅಕ್ಕ, ಭಾವ ರಸ್ತೆಗೆ ಬಂದು ನಿಂತಿದ್ದರು. ಮುಂದೆ ಬಂದದ್ದು ಆಟೋ. ಅಕ್ಕ ಅವ್ವನನ್ನು ಕಂಡವಳೇ ಅದರೊಳಗೆ ತೂರಿಕೊಂಡಳು. ಭಾವ ನನ್ನ ಕಿಟಕಿಗೆ ಬಗ್ಗಿ, ಆರು ಖಾಲಿ ಸೀಟು ನೋಡಿ, “ಭಾರೀ ಅಗಲ ಐತ್ರೀ! ಒಬ್ರಿಗಾ ಬ್ಯಾಸರಾಗಲ್ಲೇನು?” ಎಂದರು. ಕನಿಕರಕ್ಕೆ ಹತ್ತುತ್ತಾರೇನೋ ಅಂದುಕೊಂಡೆ. ಅಷ್ಟರಲ್ಲಿ ಆಟೋದೊಳಗಿಂದ ಅವ್ವನ ದನಿ, ಎಲ್ಲರ ನಗು ಕೇಳಿತು. ಭಾವ ತಮ್ಮ ಕೈಯಲ್ಲಿದ್ದ ಬುತ್ತಿ ಬುಟ್ಟಿಯನ್ನು ನನ್ನ ಪಕ್ಕದ ಸೀಟಿನ ಮೇಲಿಟ್ಟು, “ಇದನ್ನ ಹುಷಾರಾಗಿ ತರ್ರಿ” ಎಂದು ಹೋಗಿ ಡ್ರೈವರಿನ ಇನ್ನೊಂದು ಮಗ್ಗುಲಲ್ಲಿ ಅರ್ಧ ಹೊರಗೆ ತೂಗಾಡುತ್ತಾ ಕೂತರು.

ನಾನು ಹೊರಟೆ. ಗಾಡಿ ಟಿಂಗ್ ಟಿಂಗ್ ಎಂದು ಬಡಿದುಕೊಳ್ಳತೊಡಗಿತು. ನಿಲ್ಲಿಸಿ ಹುಡುಕಿದೆ. ಬುಟ್ಟಿಯ ಭಾರಕ್ಕೆ ಗಾಡಿ ಅದನ್ನು ಮನುಷ್ಯನೆಂದು ತಿಳಿದಿತ್ತು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನಕ್ಕೆ ಬೆಲ್ಟು ಕಟ್ಟಿದೆ. ಸುಮ್ಮನಾಯಿತು.

ಕೊಂಡಜ್ಜಿ ತನಕ ಆ ಆಟೋದ ಹಿಂದೆಯೇ ಹೋದೆ. ಅದರ ಹಿಂಬದಿಯ ಪರದೆಯನ್ನು ಸುತ್ತಿ ಮೇಲೆ ಕಟ್ಟಿದ್ದರು. ಮೂರು ತಲೆಗಳ ಹಿಂಭಾಗ ಕಾಣುತ್ತಿತ್ತು. ನಡುವಿನದು ಅವ್ವನದು. ಅವಳ ಕೈ ಎದ್ದಿತು, ಎತ್ತರದ್ದೇನನ್ನೋ ತೋರಿಸಿತು, ಆಮೇಲೆ ಓರೆಯಾಗಿ ಬಾಗಿ ಬಾಗಿ ದಬಕ್ಕನೆ ಕೆಳಗೆ ಬಿತ್ತು. ಸೈಕಲ್ಲು ನಾಲೆಗೆ ಬಿತ್ತೆಂದು ನನಗೆ ಅಷ್ಟರಿಂದಲೇ ತಿಳಿಯಿತು. ಭಾವ ನಗುವ ರಭಸಕ್ಕೆ ಹೊರಗೆ ಬೀಳುವಂತಾದರು. ಹತ್ತಿರ ಹೋದರೆ ಕೇಳಿಸೀತೆಂದು ವೇಗ ಹೆಚ್ಚಿಸಿದೆ. ಎಷ್ಟು ಅಂತರ ಬಿಡಬೇಕೆಂಬ ವಿಡಿಯೋ ನೆನಪಾಗಿ ಮತ್ತೆ ಹಿಂದೆ ಬಿದ್ದೆ. ಕಿಟಕಿ ಇಳಿಸಿದೆ. ಗಾಳಿಯ ಸದ್ದಷ್ಟೇ ಬಂತು.

ಹೊಲದಲ್ಲಿ ಪೂಜೆಯಾಯಿತು, ಊಟವಾಯಿತು. ಅವ್ವ ಮಾತಾಡಿ ದಣಿದಿದ್ದಳು. ತೃಪ್ತಿಯಿಂದ ಸುಮ್ಮನೆ ಉಂಡಳು.

ಮರುವಾರ ಭಟ್ಟಿಗೆ ಹೋಗಿ ವಿಚಾರಿಸಿದೆ. ವ್ಯಾನು ಆಗಲೇ ಮಾರಾಟವಾಗಿತ್ತು. ಅದಾದ ಮೇಲೆ ಒಮ್ಮೆ ಎಂ.ಸಿ.ಸಿ. ಬಡಾವಣೆಯ ದೋಸೆ ಹೋಟೆಲಿನ ಮುಂದೆ ನಿಂತದ್ದನ್ನು ಕಂಡೆ. ಬಾಗಿಲು ತೆರೆದಿತ್ತು. ಯಾರದೋ ಮನೆಯವರು ಎದುರುಬದುರು ಕೂತು, ನಡುವೆ ಪೊಟ್ಟಣ ಬಿಚ್ಚಿ ತಿನ್ನುತ್ತಿದ್ದರು. ನೆಲ ಬಿದ್ದಿರಲಿಲ್ಲ. ಬಗ್ಗಿ ನೋಡಿದೆ, ಹೊಸ ತಗಡು ಬಡಿಸಿದ್ದರು.

ನಮ್ಮ ಗಾಡಿಗೂ ಪಕ್ಕದಲ್ಲೊಂದು ಮೆಟ್ಟಿಲು ಹಾಕಿಸಿದೆ. ಈಗ ಅವ್ವ ಹತ್ತುತ್ತಾಳೆ. ಹತ್ತಿ, ನಡುವಿನ ಸೀಟಿನಲ್ಲಿ ಕೂತು, ಮುಂದಿನ ಸೀಟಿನ ಬೆನ್ನು ನೋಡುತ್ತಾಳೆ. ಹಿಂದಿನವರಿಗೆ ಅವಳ ಬೆನ್ನು, ಅವಳಿಗೆ ನಮ್ಮ ಬೆನ್ನು. ಮೊಣಕಾಲು ತೋರಿಸಲು ಆಸ್ಪತ್ರೆಗೆ ಹೋಗಿ ಬರುವ ತನಕ ಒಂದು ಮಾತಿಲ್ಲ.

ಆ ಕಥೆ ಏನಾಯಿತೆಂದು ಮಗಳನ್ನು ಕೇಳಿದೆ. “ತಾತ ನಾಲೆಗೆ ಬಿದ್ರಂತೆ, ಮಂಡಕ್ಕಿ ತೇಲಿ ಹೋತಂತೆ, ಏರಿ ಮ್ಯಾಲಿನ ಜನ ತಿಂದ್ರಂತೆ” ಎಂದಳು. ಮೊಬೈಲಿನಿಂದ ತಲೆಯೆತ್ತಿ, “ಹಿಂಗೆ ಹೇಳಿದ್ರೆ ಏನೂ ಇಲ್ಲಪ್ಪ. ಅಜ್ಜಿ ಹೇಳಬೇಕು” ಎಂದಳು.

ಅವ್ವ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಹೋಗಿ ಎದುರಿಗೆ ಕೂತೆ. ತುಟಿ ಕಾಣುವಂತೆ ನಿಧಾನವಾಗಿ ಕೇಳಿದೆ, “ಅವ್ವಾ, ನಾಲೆಗೆ ಬಿದ್ದ ಮ್ಯಾಲೆ ಅಪ್ಪ ಏನು ಮಾಡಿದ್ರು?”

“ಅವತ್ತಾ ಹೇಳಿದ್ನಲ್ಲಪ, ಹೊಲಕ್ಕ ಹೋಗಾಗ. ಎಲ್ಲಾರೂ ಕೇಳಿದ್ರಲ್ಲ.”

“ನಾನು ಇರಲಿಲ್ಲ, ಅವ್ವ.”

ಅವಳು ಮೊರದಿಂದ ಕೈ ತೆಗೆದು ನನ್ನನ್ನೇ ನೋಡಿದಳು. “ಹೆಂಗೆ ಇರಲಿಲ್ಲ? ನಮ್ಮ ಹಿಂದಾ ಇದ್ದೆಲ್ಲ” ಎಂದು ಮತ್ತೆ ಅಕ್ಕಿಯ ಕಡೆ ಬಗ್ಗಿದಳು.